ಗಿರಣಿ ಮನೆಯಾದ ಕಥೆ

ರಾಯಚೂರು ಎಂದೊಡನೆ ಇತಿಹಾಸ ಬಲ್ಲವರ ಕಣ್ಣಿಗೆ ಕಟ್ಟುವುದು ಕೋಟೆ. ಕೋಟೆಯ ಹಿಂದೆ 1520ರ ಕಾಳಗ. ಆ ಕಾಳಗದ ಹಿಂದೆ ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿಗಾಗಿ ವಿಜಯನಗರದವರೂ ಬಹಮನಿ, ಆದಿಲಶಾಹಿ ಸುಲ್ತಾನರೂ ತಲೆಮಾರುಗಳ ಕಾಲ ಸಾಗಿಸಿದ ಹಗೆತನ. ಆದರೆ ಇಷ್ಟು ಅರಸರು ಯಾವ ನೆಲಕ್ಕಾಗಿ ಹೊಡೆದಾಡಿದರೋ ಆ ನೆಲದಲ್ಲಿ ಬೆಳೆದುದೇನು, ಬೆಳೆದುದನ್ನು ಹಸನು ಮಾಡಿದ ಕೈಗಳು ಯಾರವು, ಆ ಕೈಯವರು ರಾತ್ರಿ ಎಲ್ಲಿ ತಲೆಯಿಟ್ಟು ಮಲಗುತ್ತಿದ್ದರು ಎಂದು ಕೇಳುವವರು ಕಡಮೆ. ಗೆದ್ದವನ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಹತ್ತಿ ಹಿಂಜಿದವಳ ಹೆಸರು ಹತ್ತಿಯಂತೆಯೇ ಗಾಳಿಗೆ ಹಾರಿಹೋಗುತ್ತದೆ.

ಈ ಪ್ರಶ್ನೆ ನನಗೆ ಹೊಳೆದುದು ಗ್ರಂಥಾಲಯದಲ್ಲಲ್ಲ, ತರಗತಿಯಲ್ಲಿ. ವಿದ್ಯಾರ್ಥಿಗಳಿಂದ ವರ್ಷಕ್ಕೊಂದು ಪ್ರಬಂಧ ಬರೆಯಿಸುವುದು ನನ್ನ ರೂಢಿ. ಒಂದು ವರ್ಷ ‘ನಾನು ಹುಟ್ಟಿದ ಮನೆ’ ಎಂಬ ವಿಷಯ ಕೊಟ್ಟಿದ್ದೆ. ಮಾನ್ವಿಯ ಕಡೆಯ ಹುಡುಗರು ಕಾಲುವೆಯನ್ನೂ ಭತ್ತದ ಗದ್ದೆಯನ್ನೂ ವರ್ಣಿಸಿದರು; ದೇವದುರ್ಗದ ಕಡೆಯವರು ಎರೆಹೊಲವನ್ನೂ ಕೃಷ್ಣೆಯ ಮಡುವನ್ನೂ ವರ್ಣಿಸಿದರು. ರಾಯಚೂರಿನವಳೇ ಆದ ಒಬ್ಬ ಹುಡುಗಿ ಮಾತ್ರ “ನಾನು ಹುಟ್ಟಿದ್ದು ಜಿನ್ನಿನೊಳಗೆ” ಎಂದು ಆರಂಭಿಸಿದ್ದಳು. ಗಟ್ಟಿಯಾಗಿ ಓದಿದಾಗ ತರಗತಿಯೆಲ್ಲ ನಕ್ಕಿತು. ಜಿನ್ನೆಂದರೆ ಸೀಸೆಯಿಂದ ಹೊಗೆಯಾಗಿ ಹೊರಬರುವ ಭೂತವೆಂದೇ ಅವರೆಲ್ಲರ ತಿಳಿವಳಿಕೆ. ಹತ್ತಿಯ ಪೇಟೆಯೆಂದು ಹೆಸರಾದ ಊರಿನ ಮಕ್ಕಳಿಗೆ ಜಿನ್ನೆಂದರೇನೆಂದು ನಾನು ಬಿಡಿಸಿ ಹೇಳಬೇಕಾಯಿತು.

ಹತ್ತಿಯಿಂದ ಕಾಳನ್ನು ಬೇರ್ಪಡಿಸುವ ಯಂತ್ರವೇ ಜಿನ್ನು; ಆ ಯಂತ್ರಗಳಿರುವ ಕಾರ್ಖಾನೆಗೂ ಜನ ಅದೇ ಹೆಸರಿಟ್ಟರು. ಇಂಗ್ಲಿಷಿನ ‘ಎಂಜಿನ್’ ಎಂಬ ಮಾತಿನ ತಲೆ ಕತ್ತರಿಸಿಹೋಗಿ ‘ಜಿನ್’ ಎಂದು ಉಳಿಯಿತು. ನಮ್ಮವರು ಅದಕ್ಕೊಂದು ಉಕಾರ ಹಚ್ಚಿ ತಮ್ಮದಾಗಿ ಮಾಡಿಕೊಂಡರು. ಹೊಲದಿಂದ ಬಂದ ಹತ್ತಿಯ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಅರಳೆ, ಮಿಕ್ಕುದು ಬಹುಮಟ್ಟಿಗೆ ಕಾಳು. ಅರಳೆಯನ್ನು ಒತ್ತಿ ಅಂಡಿಗೆ ಕಟ್ಟಿದರೆ ಅದು ದೇಶಾಂತರಕ್ಕೆ ಹೋಗುತ್ತದೆ. ಕಾಳು ಎಣ್ಣೆಯ ಗಾಣಕ್ಕೂ ದನದ ಬಾನಿಗೂ ಹೋಗುತ್ತದೆ.

ಆ ಹುಡುಗಿಯ ಅಜ್ಜಿಯನ್ನು ನೋಡಲು ಒಂದು ಸಂಜೆ ಹೋದೆ. ಜಿನ್ನು ನಿಂತು ವರ್ಷಗಳಾಗಿದ್ದವು. ಆಳುಗಳಿಗೆಂದು ಕಟ್ಟಿದ್ದ ಸಾಲುಖೋಲಿಗಳಲ್ಲಿ ಕೆಲವು ಮಾತ್ರ ಇನ್ನೂ ನಿಂತಿದ್ದವು. ಜಾಗ ಮಾರಾಟವಾಗಿತ್ತು, ಹೊಸ ಮನೆಗಳ ಚಿತ್ರ ಬರೆದ ದೊಡ್ಡ ಹಲಗೆಯೊಂದನ್ನು ದ್ವಾರದಲ್ಲಿ ನಿಲ್ಲಿಸಿದ್ದರು. ಅಜ್ಜಿ ಹೊಸ್ತಿಲ ಮೇಲೆ ಕುಳಿತಿದ್ದರು.

“ಎಷ್ಟು ವರ್ಷ ದುಡಿದಿರಿ ಅವ್ವಾ ಇಲ್ಲಿ?” ಎಂದೆ.

“ಲೆಕ್ಕ ಯಾರಿಟ್ಟಾರ ಸರ? ಲಗ್ನ ಆಗಿ ಬಂದಾಗಿಂದ ಭೋಂಗಾ ನಿಲ್ಲೂತನಕ. ಮೈತುಂಬ ಅಳ್ಳಿ. ಉಂಡರ ಅನ್ನದಾಗೂ ಅಳ್ಳಿ.”

ಅನಂತರ ಹಲಗೆಯ ಕಡೆ ಬೆರಳು ಮಾಡಿ ಅವರೇ ಕೇಳಿದರು: “ಇಲ್ಲೇ ಮನಿ ಕಟ್ತಾರಂತ. ಜಿನ್ನಿನಾಗ ಮನಿ ಹ್ಯಾಂಗ ಆಗ್ತಾವ್ರಿ ಸರ?”

ನಾನು ಏನೋ ಉತ್ತರ ಹೇಳಿ ಬಂದೆ. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಗಿರಣಿ ಮನೆಯಾಗುವುದು ಹೇಗೆ? ಆದರೆ ಅದು ಯಾರ ಮನೆಯಾಗುತ್ತದೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ ಕಥೆಯನ್ನು ಓದುಗರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

* * *

ಮೊದಲು ಒಂದು ಸೋಜಿಗವನ್ನು ಗಮನಿಸಬೇಕು. ಯಂತ್ರಯುಗದ ಮೊದಲ ಗಿರಣಿಗಳೆಲ್ಲ ಹುಟ್ಟಿದ್ದು ನದಿಗಳ ದಂಡೆಯ ಮೇಲೆ. ನಮ್ಮದಾದರೋ ಎರಡು ಮಹಾನದಿಗಳ ನಡುವಿನ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಹತ್ತಿಗೆ ಹೇಳಿ ಮಾಡಿಸಿದ ಕಪ್ಪು ಮಣ್ಣು. ಹೀಗಿದ್ದೂ ಇಲ್ಲಿಯ ನದಿ ದಂಡೆಗಳಲ್ಲಿ ಒಂದು ಹಳೆಯ ಹತ್ತಿಯ ಗಿರಣಿ ಏಳಲಿಲ್ಲ. ತುಂಗಭದ್ರೆಯ ದಂಡೆ ನಮಗೆ ಚೀಕಲಪರ್ವಿಯ ವಿಜಯದಾಸರನ್ನು ಕೊಟ್ಟಿತು, ಕೃಷ್ಣೆಯ ದಂಡೆ ದೇವದುರ್ಗದ ಸೀಮೆಯ ಗೂಗಲ್ಲು, ಕೊಪ್ಪರಗಳಂಥ ಕ್ಷೇತ್ರಗಳನ್ನು ಕೊಟ್ಟಿತು, ಗಿರಣಿಯನ್ನು ಕೊಡಲಿಲ್ಲ.

ಕಾರಣ ಕಠಿಣವಾದುದೇನಲ್ಲ. ಗಿರಣಿಯ ಚಕ್ರ ತಿರುಗಿಸಲು ನೀರು ಇದ್ದರೆ ಸಾಲದು. ಅದು ಎತ್ತರದಿಂದ ಬೀಳಬೇಕು, ವರ್ಷವಿಡೀ ಬೀಳಬೇಕು. ನಮ್ಮ ನದಿಗಳು ಆಷಾಢ ಶ್ರಾವಣಗಳಲ್ಲಿ ದಂಡೆ ಮೀರಿ ಹರಿದು, ಚೈತ್ರದ ಹೊತ್ತಿಗೆ ಬಂಡೆಗಳ ನಡುವೆ ನೂಲಿನಂತೆ ಸಣ್ಣಗಾಗುತ್ತಿದ್ದವು. ಅಂಥ ನೀರನ್ನು ನಂಬಿ ಯಾವ ಸಾಹುಕಾರನೂ ಹಣ ಹೂಡಲಾರ. ಕನ್ನಡ ನಾಡಿನಲ್ಲಿ ಇದಕ್ಕೆ ಪ್ರಸಿದ್ಧವಾದ ಅಪವಾದವೆಂದರೆ ಘಟಪ್ರಭೆಯ ದಂಡೆಯ ಗೋಕಾಕ ಗಿರಣಿ. ಅಲ್ಲಿ ಹೊಳೆ ಸುಮಾರು 170 ಅಡಿಗಳ ಆಳಕ್ಕೆ ಒಮ್ಮೆಲೆ ಧುಮುಕುತ್ತದೆ. 1885ರಲ್ಲಿ ಅಲ್ಲೊಂದು ಕಂಪನಿ ಸ್ಥಾಪಿತವಾಗಿ, ಎರಡು ವರ್ಷಗಳ ತರುವಾಯ ನೀರಿನ ಬಲದಿಂದಲೇ ನೂಲು ತೆಗೆಯಲು ಆರಂಭಿಸಿತು. ಗಿರಣಿಯ ಸುತ್ತ ದುಡಿಯುವವರ ಮನೆಗಳೆದ್ದು ಗೋಕಾಕ ಫಾಲ್ಸ್ ಎಂಬ ಊರೇ ಬೆಳೆಯಿತು.

ನದಿಯ ದಂಡೆಯ ಗಿರಣಿ ಹೇಗೆ ಹುಟ್ಟಿತು, ಹೇಗೆ ಸತ್ತಿತು, ಸತ್ತ ಮೇಲೆ ಹೇಗೆ ಮನೆಯಾಯಿತು ಎಂಬ ಮೂರು ಅವಸ್ಥೆಗಳನ್ನೂ ಒಂದೇ ಕಡೆ ಕಾಣಬೇಕಾದರೆ ನಾವು ಸಮುದ್ರ ದಾಟಿ ಅಮೆರಿಕೆಯ ಲೋವೆಲ್ ಎಂಬ ಪಟ್ಟಣಕ್ಕೆ ಹೋಗಬೇಕು. ಅಷ್ಟು ದೂರ ಹೋಗುವುದೇಕೆಂದು ಓದುಗರು ಕೇಳಬಹುದು. ಲೋವೆಲ್ಲಿಗೂ ರಾಯಚೂರು ಸೀಮೆಗೂ ಹತ್ತಿಯ ಎಳೆಯ ನಂಟು ಒಂದುಂಟು. ಅದು ಮುಂದೆ ತಾನಾಗಿ ಕಾಣಿಸುತ್ತದೆ.

* * *

ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಮೆರಿಮ್ಯಾಕ್ ಎಂಬ ನದಿ. ಪಾಟಕೆಟ್ ಎಂಬಲ್ಲಿ ಅದು ಸುಮಾರು 32 ಅಡಿ ಇಳಿಯುತ್ತದೆ. ಬಾಸ್ಟನ್ ನಗರದ ಕೆಲವು ವರ್ತಕರು 1820ರ ದಶಕದ ಆರಂಭದಲ್ಲಿ ಆ ಇಳಿತವನ್ನು ಕಂಡು ದಂಡೆಯ ಹೊಲಗಳನ್ನು ಕೊಂಡರು. ಇವರಿಗೆ ದಾರಿ ತೋರಿದವನು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್. ಆತ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಯಂತ್ರಮಗ್ಗಗಳನ್ನು ಕಣ್ಣಿನಲ್ಲೇ ಕದ್ದು, ನೆನಪಿನಲ್ಲೇ ಹೊತ್ತು ತಂದವನು. 1817ರಲ್ಲಿ ಆತ ತೀರಿಕೊಂಡ. ಹೊಸ ಪಟ್ಟಣಕ್ಕೆ ಅವನ ಹೆಸರಿಟ್ಟರು. 1823ರಲ್ಲಿ ಮೊದಲ ಗಿರಣಿ ಬಟ್ಟೆ ನೇಯಿತು. 1826ರಲ್ಲಿ ಎರಡೂವರೆ ಸಾವಿರ ಜನರಿದ್ದ ಊರು 1850ರ ಹೊತ್ತಿಗೆ 33 ಸಾವಿರ ಜನರ ನಗರವಾಯಿತು.

ಆ ಗಿರಣಿಗಳ ಆಕಾರವನ್ನು ಸ್ವಲ್ಪ ಮನಸ್ಸಿನಲ್ಲಿಡಬೇಕು. ಕಥೆಯ ಗುಟ್ಟು ಅದರಲ್ಲಿದೆ. ನೀರಿನ ಚಕ್ರದ ಬಲವನ್ನು ಹಲ್ಲುಗಾಲಿ, ದಂಡ, ತೊಗಲಪಟ್ಟಿಗಳ ಮೂಲಕ ಮಗ್ಗಗಳಿಗೆ ಮುಟ್ಟಿಸಬೇಕಾಗಿದ್ದಿತು. ಹಾದಿ ಉದ್ದವಾದಷ್ಟೂ ಬಲ ಸೋರಿಹೋಗುತ್ತದೆ. ಆದುದರಿಂದ ಯಂತ್ರಗಳನ್ನು ಬಯಲಲ್ಲಿ ಹರಡದೆ ಚಕ್ರದ ನೆತ್ತಿಯ ಮೇಲೆ ಅಂತಸ್ತಿನ ಮೇಲೆ ಅಂತಸ್ತಾಗಿ ಪೇರಿಸಿದರು. ಐದಾರು ಅಂತಸ್ತುಗಳ ಕಟ್ಟಡಗಳೆದ್ದವು. ನೂರಾರು ಮಗ್ಗಗಳು ಒಟ್ಟಿಗೆ ಅದುರುವಾಗ ಗೋಡೆ ಬಿರಿಯಬಾರದು. ಆದುದರಿಂದ ದಪ್ಪನೆಯ ಇಟ್ಟಿಗೆಯ ಗೋಡೆ. ವಿದ್ಯುದ್ದೀಪವಿಲ್ಲದ ಕಾಲ, ಕಡಿದ ಎಳೆ ಕಣ್ಣಿಗೆ ಕಾಣಬೇಕು. ಆದುದರಿಂದ ಎತ್ತರವಾದ ಕಿಟಕಿಗಳ ಸಾಲು. ಬೆಳಕು ನಡುಮನೆಗೂ ತಲಪಬೇಕು. ಆದುದರಿಂದ ಕಟ್ಟಡ ಉದ್ದ ಹೆಚ್ಚು, ಅಗಲ ಕಡಮೆ. ಇದಾವುದನ್ನೂ ಕಟ್ಟಿದವರು ಮನೆಗೆಂದು ಯೋಚಿಸಲಿಲ್ಲ. ಆದರೆ ಬೆಳಕು, ಗಾಳಿ, ಗಟ್ಟಿ ಗೋಡೆಗಳಿಗಿಂತ ಮನೆಗೆ ಬೇರೇನು ಬೇಕು?

ಮನೆಯ ಪ್ರಶ್ನೆ ಲೋವೆಲ್ಲಿನಲ್ಲಿ ಮೊದಲ ದಿನದಿಂದಲೇ ಇದ್ದಿತು. ಮಗ್ಗದ ಮುಂದೆ ನಿಲ್ಲಲು ಕಂಪನಿಯವರು ಸುತ್ತಲ ಹಳ್ಳಿಗಳ ಒಕ್ಕಲುಮಕ್ಕಳ ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಗಿರಣಿಯ ಎದುರಿನಲ್ಲೇ ಸಾಲುಮನೆಗಳನ್ನು ಕಟ್ಟಿ, ಊಟ ವಸತಿಗಳ ಏರ್ಪಾಡು ಮಾಡಿದರು. ಒಂದೊಂದು ಕೋಣೆಯಲ್ಲಿ ನಾಲ್ಕಾರು ಜನ. ರಾತ್ರಿ ಹತ್ತಕ್ಕೆ ಬಾಗಿಲು ಬಂದು. ಬೆಳಗಿನ ಗಂಟೆಗೆ ಮತ್ತೆ ಕೆಲಸಕ್ಕೆ. ದಿನಕ್ಕೆ ಹನ್ನೆರಡು ಹದಿಮೂರು ಗಂಟೆಗಳ ದುಡಿತ. ಅದೇ ಊರಿನಲ್ಲಿ ಗಿರಣಿಗೆ ನೀರು ತರುವ ಕಾಲುವೆಗಳನ್ನು ತೋಡಿದ ಐರ್ಲೆಂಡಿನ ಕೂಲಿಗಳಿಗೆ ಈ ಭಾಗ್ಯವೂ ಇರಲಿಲ್ಲ. ಅವರು ಊರಂಚಿನಲ್ಲಿ ತಾವೇ ಗುಡಿಸಲು ಹಾಕಿಕೊಂಡರು. ಯಾರಿಗೆ ಇಟ್ಟಿಗೆಯ ಸೂರು, ಯಾರಿಗೆ ಹಲಗೆಯ ಗುಡಿಸಲು ಎಂಬುದು ಅಲ್ಲಿಯೂ ದುಡಿತದಿಂದ ನಿಶ್ಚಯವಾಗಲಿಲ್ಲ.

1834ರಲ್ಲಿ ಕಂಪನಿಗಳು ಕೂಲಿ ಇಳಿಸಿದಾಗ ಆ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದರು, ಸೋತರು. 1836ರಲ್ಲಿ ಕಂಪನಿಗಳು ಕೂಲಿಯನ್ನು ಮುಟ್ಟದೆ ಊಟ ವಸತಿಯ ದರವನ್ನು ಏರಿಸಿದವು. ಎಡಗೈಯಲ್ಲಿ ಕೊಟ್ಟುದನ್ನು ಬಲಗೈಯಲ್ಲಿ ಕಿತ್ತುಕೊಳ್ಳುವ ಈ ಉಪಾಯ ಅವರಿಗೆ ಅರ್ಥವಾಗದೆ ಹೋಗಲಿಲ್ಲ. ಸಾವಿರಕ್ಕೂ ಮಿಕ್ಕಿದ ಹೆಣ್ಣುಮಕ್ಕಳು ಮತ್ತೆ ಹೊರಬಂದರು. ಈ ಸಲ ಕೆಲವು ಕಂಪನಿಗಳು ಏರಿಸಿದ ದರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಮೆರಿಕೆಯಲ್ಲಿ ಹೆಂಗಸರು ನಡೆಯಿಸಿದ ಮೊದಮೊದಲ ಮುಷ್ಕರಗಳಲ್ಲಿ ಒಂದು ನಡೆದುದು ಮನೆಯ ಬಾಡಿಗೆಗಾಗಿ ಎಂಬ ಮಾತು ನಮ್ಮ ಕಥೆಗೆ ಬಹಳ ಮುಖ್ಯವಾದುದು.

ಇನ್ನೊಂದು ಮಾತನ್ನೂ ಮರೆಯಬಾರದು. ಲೋವೆಲ್ಲಿಗೆ ಬರುತ್ತಿದ್ದ ಹತ್ತಿಯನ್ನು ಬೆಳೆದವರು ದಕ್ಷಿಣದ ಪ್ರಾಂತಗಳ ಕರಿಯ ಗುಲಾಮರು. ಅವರ ಮೈಗೆ ಸುತ್ತಲು ಬೇಕಾದ ಒರಟು ಬಟ್ಟೆಯೂ ಲೋವೆಲ್ಲಿನಲ್ಲೇ ನೇಯಲ್ಪಟ್ಟು ದಕ್ಷಿಣಕ್ಕೆ ಹೋಗುತ್ತಿದ್ದಿತು. ಗಿರಣಿಯ ಗೋಡೆ ಎಷ್ಟು ಸುಂದರವಾಗಿದ್ದರೂ ಅದರ ತಳಪಾಯ ಯಾವುದರ ಮೇಲಿತ್ತು ಎಂಬುದನ್ನು ಇತಿಹಾಸ ಮರೆಸಲಾರದು.

* * *

1861ರಲ್ಲಿ ಅಮೆರಿಕೆಯ ಉತ್ತರ ದಕ್ಷಿಣಗಳಿಗೆ ಯುದ್ಧ ಹತ್ತಿತು. ದಕ್ಷಿಣದ ಹತ್ತಿ ಹೊರಬರುವ ದಾರಿ ಮುಚ್ಚಿತು. ಲೋವೆಲ್ಲಿನ ದೊಡ್ಡ ಕಂಪನಿಗಳು ಉಗ್ರಾಣದ ಹತ್ತಿಯನ್ನು ಏರಿದ ಬೆಲೆಗೆ ಮಾರಿ, ಗಿರಣಿ ನಿಲ್ಲಿಸಿ, ಸಾವಿರಾರು ಜನರನ್ನು ಮನೆಗೆ ಕಳುಹಿಸಿದವು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳೂ ಹಸಿದವು. 1862ರ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಅನ್ನ ಉಣ್ಣುತ್ತಿದ್ದರು.

ಆಗ ಲೋಕದ ಕಣ್ಣು ಹಿಂದುಸ್ಥಾನದ ಹತ್ತಿಯ ಮೇಲೆ ಬಿದ್ದಿತು. ರಾಯಚೂರು ದೋಆಬನ್ನು ನಿಜಾಮರಿಂದ 1853ರಲ್ಲಿ ತೆಗೆದುಕೊಂಡಿದ್ದ ಇಂಗ್ಲಿಷರು 1860ರಲ್ಲಷ್ಟೇ ಹಿಂದಿರುಗಿಸಿದ್ದರು. ಧಾರವಾಡ, ಬಳ್ಳಾರಿ, ರಾಯಚೂರುಗಳ ಎರೆಭೂಮಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ರೈಲು ಇನ್ನೂ ಬಂದಿರದ ಆ ಕಾಲದಲ್ಲಿ ಈ ಭಾಗದ ಹತ್ತಿ ಬಂಡಿಗಳ ಮೇಲೂ ಎತ್ತಿನ ಹೇರುಗಳ ಮೇಲೂ ಘಟ್ಟ ಇಳಿದು ಕುಮಟೆಯ ರೇವಿಗೆ ಹೋಗುತ್ತಿದ್ದಿತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರಾಯಿತು. ಮೆರಿಮ್ಯಾಕ್ ನದಿಯ ದಂಡೆಯಲ್ಲಿ ಒಬ್ಬಳ ಮಗ್ಗ ನಿಂತುದೂ ಎರೆನಾಡಿನ ಒಕ್ಕಲಿಗನೊಬ್ಬನ ಹೆಂಡತಿಯ ಕೊರಳಿಗೆ ಹೊಸ ಗುಂಡು ಬಂದುದೂ ಒಂದೇ ಕಾರಣದಿಂದ; ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಕೊರಳಿನ ಗುಂಡುಗಳು ಎಲ್ಲಿಗೆ ಹೋದವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಬೆಲೆ ಹೋದರೂ ಹತ್ತಿಯ ವ್ಯಾಪಾರ ನಿಂತಿತು. 1871ರಲ್ಲಿ ಮುಂಬಯಿಯ ಕಡೆಯ ರೈಲೂ ಮದರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಈ ಊರಿನ ಭಾಗ್ಯದ ದಿಕ್ಕು ಬದಲಾಯಿತು. ಉಗಿಯಂತ್ರಕ್ಕೆ ಜಲಪಾತ ಬೇಡ. ಕಲ್ಲಿದ್ದಲು ಬೇಕು, ರೈಲು ಬೇಕು. ಹೀಗೆ ಲೋವೆಲ್ಲಿನಲ್ಲಿ ನದಿ ಮಾಡಿದ ಕೆಲಸವನ್ನು ನಮ್ಮಲ್ಲಿ ಸ್ಟೇಷನ್ನು ಮಾಡಿತು. ಜಿನ್ನುಗಳೂ ಅಂಡಿಗೆ ಒತ್ತುವ ಪ್ರೆಸ್ಸುಗಳೂ ನದಿಯ ಕಡೆ ಬೆನ್ನು ಮಾಡಿ ರೈಲಿನ ಕಡೆ ಮುಖಮಾಡಿ ನಿಂತವು. ಮಾನ್ವಿ, ದೇವದುರ್ಗಗಳ ಹತ್ತಿ ಬಂಡಿಯೇರಿ ಇಲ್ಲಿಗೇ ಬಂದಿತು.

ನಮ್ಮ ಜಿನ್ನು ಲೋವೆಲ್ಲಿನ ಗಿರಣಿಯಂತೆ ಎತ್ತರದ್ದಲ್ಲ. ಒಂದೇ ಅಂತಸ್ತಿನ ಉದ್ದನೆಯ ಸಾಲು, ಮೇಲೆ ತಗಡು ಅಥವಾ ಹಂಚು, ಪಕ್ಕದಲ್ಲಿ ಎಂಜಿನ್ನಿನ ಕೋಣೆ, ಎದುರಿಗೆ ಹತ್ತಿ ರಾಶಿ ಹಾಕುವ ವಿಶಾಲವಾದ ಬಯಲು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅದಕ್ಕೆ ಜೀವ; ಹತ್ತಿ ಮುಗಿದೊಡನೆ ಮೌನ. ಇದನ್ನೂ ನೆನಪಿನಲ್ಲಿಡಬೇಕು. ಲೋವೆಲ್ಲಿನಲ್ಲಿ ಬೆಲೆ ಬಾಳುವುದು ಗೋಡೆ. ನಮ್ಮಲ್ಲಿ ಬೆಲೆ ಬಾಳುವುದು ಬಯಲು.

* * *

ಯುದ್ಧ ಮುಗಿದ ಮೇಲೆ ಲೋವೆಲ್ ಮತ್ತೆ ಚೇತರಿಸಿಕೊಂಡಿತು. ಆದರೆ ಉಗಿಯಂತ್ರವೂ ಆಮೇಲೆ ವಿದ್ಯುತ್ತೂ ಬಂದ ಮೇಲೆ ನದಿ ದಂಡೆಯೇ ಆಗಬೇಕೆಂಬ ನಿರ್ಬಂಧ ಹೋಯಿತು. ಹತ್ತಿ ಬೆಳೆಯುವ, ಕೂಲಿ ಅಗ್ಗವಾದ ದಕ್ಷಿಣ ಪ್ರಾಂತಗಳಲ್ಲೇ ಹೊಸ ಗಿರಣಿಗಳೆದ್ದವು. 1920ರ ದಶಕದಿಂದ ಲೋವೆಲ್ಲಿನ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1835ರಲ್ಲಿ ಆರಂಭವಾದ ಬೂಟ್ ಗಿರಣಿ 1950ರ ದಶಕದ ನಡುವಿನವರೆಗೆ ಹೇಗೋ ಉಸಿರು ಹಿಡಿದು ನಿಂತಿತು. ಊರಿನ ನಡುವೆ ಮೈಲುಗಟ್ಟಲೆ ಖಾಲಿ ಕಿಟಕಿಗಳು ನದಿಯನ್ನು ನೋಡುತ್ತ ಉಳಿದವು.

ಖಾಲಿ ಗಿರಣಿಯನ್ನು ಊರಿನವರು ಪ್ರೀತಿಸುವುದಿಲ್ಲ. ಅದು ಅವರಿಗೆ ಸೋಲಿನ ಗುರುತು. 1960ರ ದಶಕದಲ್ಲಿ ಊರನ್ನು ಹೊಸದು ಮಾಡುವ ಉತ್ಸಾಹದಲ್ಲಿ, ಲೋವೆಲ್ಲಿನ ಮೊಟ್ಟಮೊದಲ ಕಂಪನಿಯಾದ ಮೆರಿಮ್ಯಾಕ್ ಕಂಪನಿಯ ಕಟ್ಟಡಗಳನ್ನೂ ಅದರ ಸಾಲುಮನೆಗಳನ್ನೂ ಕೆಡವಿಹಾಕಿದರು. ಕೆಡವಿದ ಮೇಲೆ ಕೆಲವರ ಕಣ್ಣು ತೆರೆಯಿತು. ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿ ಒಂದು ಮಾತನ್ನು ಊರಿನವರ ಕಿವಿಯಲ್ಲಿ ಊದತೊಡಗಿದರು: ನಾವು ನಾಚಿಕೆಪಡುತ್ತಿರುವ ಈ ಕಟ್ಟಡಗಳೇ ನಮ್ಮ ಮಕ್ಕಳ ಪಾಠಶಾಲೆ, ಅವರ ಅಜ್ಜ ಅಜ್ಜಿಯರ ಬಾಳು ಇವುಗಳಲ್ಲಿದೆ. ಮೊದಲು ನಕ್ಕವರು ಕ್ರಮೇಣ ಒಪ್ಪಿದರು. 1978ರಲ್ಲಿ ಅಮೆರಿಕೆಯ ಸರಕಾರ ಲೋವೆಲ್ಲಿನ ಗಿರಣಿಗಳ ಭಾಗವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಿತು. ಅದಕ್ಕೆ ಎರಡು ವರ್ಷ ಮೊದಲು, ಹಳೆಯ ಕಟ್ಟಡವನ್ನು ಕೆಡವುವುದಕ್ಕಿಂತ ದುರಸ್ತಿ ಮಾಡಿದರೆ ಲಾಭವಾಗುವಂತೆ ತೆರಿಗೆಯ ಕಾನೂನೂ ಬದಲಾಗಿತ್ತು. ಭಾವನೆಯೊಂದಿಗೆ ಲೆಕ್ಕಾಚಾರವೂ ಕೂಡಿದಾಗಲೇ ಕಟ್ಟಡಗಳು ಉಳಿಯುತ್ತವೆ ಎಂಬುದಕ್ಕೆ ಇದು ನಿದರ್ಶನ.

ಮೆರಿಮ್ಯಾಕ್ ನದಿಗೆ ಕಾನ್ಕರ್ಡ್ ನದಿ ಬಂದು ಸೇರುವ ಸಂಗಮದಲ್ಲಿ ಮ್ಯಾಸಚೂಸೆಟ್ಸ್ ಮಿಲ್ಸ್ ಎಂಬ ಗಿರಣಿಯಿದ್ದಿತು. 1980ರ ದಶಕದಿಂದೀಚೆಗೆ ಅದರ ಕಟ್ಟಡಗಳು ಒಂದೊಂದಾಗಿ ವಾಸದ ಮನೆಗಳಾದವು. ಬೂಟ್ ಗಿರಣಿಯ ಒಂದು ಭಾಗ ವಸ್ತುಸಂಗ್ರಹಾಲಯವಾಗಿ 1992ರಲ್ಲಿ ತೆರೆಯಿತು. ಇನ್ನೊಂದು ಭಾಗದಲ್ಲಿ ಕಚೇರಿಗಳೂ ಮನೆಗಳೂ ಬಂದವು. ಗಿರಣಿಯನ್ನು ಮನೆ ಮಾಡುವುದು ಸುಲಭದ ಕೆಲಸವಲ್ಲ. ನೂರು ವರ್ಷ ಯಂತ್ರದ ಎಣ್ಣೆ ಕುಡಿದ ನೆಲದ ಹಲಗೆಗಳನ್ನು ಹಸನು ಮಾಡಬೇಕು. ಒಂದೇ ಉದ್ದನೆಯ ಅಂಕಣವನ್ನು ಹತ್ತಾರು ಸಂಸಾರಗಳಿಗೆ ಹಂಚಿ, ಪ್ರತಿಯೊಂದಕ್ಕೂ ಒಲೆ, ನೀರು, ಬಚ್ಚಲುಗಳ ಹಾದಿ ಮಾಡಬೇಕು. ಆದರೆ ನಾವು ಹಿಂದೆ ಕಂಡ ಆ ದಪ್ಪ ಗೋಡೆ, ಎತ್ತರದ ಕಿಟಕಿ, ಕಡಮೆ ಅಗಲ ಇವೆಲ್ಲ ಇಲ್ಲಿ ಕೈಹಿಡಿದವು. ಕಡಿದ ಎಳೆಯನ್ನು ಕಾಣಲೆಂದು ಮಾಡಿದ ಬೆಳಕು ಇಂದು ಮಕ್ಕಳ ಪುಸ್ತಕದ ಮೇಲೆ ಬೀಳುತ್ತಿದೆ.

ವಸ್ತುಸಂಗ್ರಹಾಲಯದಲ್ಲಿ ಎಂಬತ್ತಕ್ಕೂ ಹೆಚ್ಚು ಮಗ್ಗಗಳನ್ನು ಒಂದೇ ಕೋಣೆಯಲ್ಲಿ ಉಳಿಸಿದ್ದಾರೆ. ಅವುಗಳಲ್ಲಿ ಕೆಲವನ್ನಾದರೂ ನಡೆಸಿ ತೋರಿಸುವರು. ಅದರ ಹತ್ತಿರದಲ್ಲೇ ಗಿರಣಿಯ ಹೆಣ್ಣುಮಕ್ಕಳ ಊಟದ ಪಡಸಾಲೆಯನ್ನೂ ಮಲಗುವ ಕೋಣೆಯನ್ನೂ ಮೊದಲಿದ್ದಂತೆ ಮಾಡಿ ಇಟ್ಟಿದ್ದಾರೆ. ಮಾಲೀಕನ ಬಂಗಲೆಯನ್ನು ಉಳಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆಳಿನ ಹಾಸಿಗೆಯನ್ನು ಉಳಿಸಿದುದೇ ಲೋವೆಲ್ಲಿನ ದೊಡ್ಡತನ. ಹಾಗೆಂದು ಅಲ್ಲಿ ಎಲ್ಲವೂ ನ್ಯಾಯವಾಯಿತೆಂದಲ್ಲ. ಗಿರಣಿಯಲ್ಲಿ ದುಡಿದವರು ಹೋಗಿ ಬಹಳ ಕಾಲವಾದ ಮೇಲೆ ಅದು ಮನೆಯಾಯಿತು. ನದಿ ಕಾಣುವ ಕಿಟಕಿಗೆ ಬಾಡಿಗೆ ಕೊಡಬಲ್ಲವರೇ ಅಲ್ಲಿ ಇರಬಲ್ಲರು. ಗೋಡೆ ಉಳಿಯಿತು, ನೆನಪು ಉಳಿಯಿತು. ಬಾಗಿಲು ಮಾತ್ರ ಬೇರೆಯವರದಾಯಿತು.

* * *

ಇನ್ನು ನಮ್ಮ ಕಡೆ ಬರೋಣ. ನೆರೆಯ ಕಲಬುರಗಿಯಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಅವರ ಹೆಸರಿನಲ್ಲೇ ಒಂದು ದೊಡ್ಡ ಗಿರಣಿ ಎದ್ದಿತು. ಮಹಬೂಬ್ ಶಾಹಿ ಕುಲಬರ್ಗಾ ಮಿಲ್ಸ್. ಈಗ ಅಲ್ಲಿ ಮಗ್ಗಗಳಿಲ್ಲ. ‘ಎಂ. ಎಸ್. ಕೆ. ಮಿಲ್’ ಎಂಬ ಮೂರಕ್ಷರಗಳು ಮಾತ್ರ ರಸ್ತೆಯ ಹೆಸರಾಗಿ, ಬಡಾವಣೆಯ ಹೆಸರಾಗಿ ಉಳಿದಿವೆ. ಆ ಅಕ್ಷರಗಳ ಪೂರ್ಣರೂಪವನ್ನು ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ಹೇಳಬಲ್ಲರು? ಬೆಂಗಳೂರಿನಲ್ಲಿ 1884ರಲ್ಲಿ ಸ್ಥಾಪಿತವಾಗಿ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿಯ ನೆಲದಲ್ಲಿ ಇಂದು ಮುಗಿಲು ಮುಟ್ಟುವ ವಸತಿ ಸಮುಚ್ಚಯ ನಿಂತಿದೆ. ಅಲ್ಲಿಯೂ ಗಿರಣಿ ಮನೆಯಾಯಿತು. ಆದರೆ ಗೋಡೆ ಉಳಿಯಲಿಲ್ಲ.

ಮುಂಬಯಿಯಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1982ರ ಜನವರಿ 18ರಂದು ಅಲ್ಲಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ತರುವಾಯ ಗಿರಣಿಗಳು ಮೊದಲಿನಂತಾಗಲೇ ಇಲ್ಲ. 1991ರಲ್ಲಿ ಬಂದ ನಿಯಮವೊಂದು ಗಿರಣಿಯ ನೆಲವನ್ನು ಮೂರು ಪಾಲು ಮಾಡಿತು. ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ. ಕೇಳಲು ಎಷ್ಟು ಹಿತವಾದ ನಿಯಮ! ಆದರೆ 2001ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಪಾಲು ಮಾಡಿದರೆ ಸಾಕೆಂದಾಯಿತು. ಗಿರಣಿಯಲ್ಲಿ ಖಾಲಿ ನೆಲ ಎಷ್ಟಿರುತ್ತದೆ? 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಉಳಿದ ಚೂರುಪಾರು ನೆಲದಲ್ಲಿ ಎದ್ದ ಮನೆಗಳಿಗಾಗಿ ಮುದುಕರಾದ ಕಾರ್ಮಿಕರೂ ಅವರ ಮಕ್ಕಳೂ ಚೀಟಿ ಎತ್ತುವ ದಿನಕ್ಕಾಗಿ ಕಾಯಬೇಕಾಯಿತು. ಅಷ್ಟಾದರೂ ಒಂದು ಮಾತು ನಿಂತಿತು: ಗಿರಣಿಯ ನೆಲದಲ್ಲಿ ದುಡಿದವನಿಗೂ ಒಂದು ಹಕ್ಕುಂಟು ಎಂಬುದನ್ನು ಕಾನೂನಿನ ಪುಸ್ತಕ ಒಮ್ಮೆಯಾದರೂ ಒಪ್ಪಿಕೊಂಡಿತು.

ರಾಯಚೂರಿನ ಜಿನ್ನುಗಳಿಗೆ ಅಂಥ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಇವು ಮುಂಬಯಿಯ ಗಿರಣಿಗಳಂತೆ ದೊಡ್ಡವಲ್ಲ. ಇಲ್ಲಿ ದುಡಿದವರು ಹೆಚ್ಚಾಗಿ ಹೆಂಗಸರು, ಹಂಗಾಮಿನ ಆಳುಗಳು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು. ನೆಲವೂ ಬದಲಾಯಿತು. 1953ರಿಂದ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿಯತೊಡಗಿ ಮಾನ್ವಿಯ ಕಡೆ ಜೋಳ ಹತ್ತಿಗಳ ಹೊಲದಲ್ಲಿ ಭತ್ತ ಬಂದಿತು. ಜಿನ್ನಿನ ಪಕ್ಕದಲ್ಲಿ ಅಕ್ಕಿಯ ಗಿರಣಿಗಳೆದ್ದವು. ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೆ ಬಂದಿತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲೆ ಹತ್ತಿ ಮತ್ತೆ ಹೊಸ ವೇಷದಲ್ಲಿ ಮರಳಿತು; ಹೊಸ ಯಂತ್ರಗಳ ಹೊಸ ಜಿನ್ನುಗಳು ಊರ ಹೊರಗೆ ಬಂದವು. ನದಿಯ ದಂಡೆಯಲ್ಲಿಯೂ ಕೊನೆಗೊಮ್ಮೆ ಕಾರ್ಖಾನೆ ಬಂದಿತು: ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾಯಿತು, ಇಂದು ಎಂಟು ಘಟಕಗಳು, 1720 ಮೆಗಾವಾಟ್ ಸಾಮರ್ಥ್ಯ, ಜೊತೆಗೆ ನೌಕರರ ವಸತಿಯ ಒಂದು ಊರು. ಈ ಹೊಸದುಗಳ ನಡುವೆ ಊರೊಳಗಿನ ಹಳೆಯ ಜಿನ್ನು ಯಾರಿಗೂ ಬೇಡವಾದ ಮುದುಕಿಯಂತಾಯಿತು. ಆದರೆ ಮುದುಕಿ ಕುಳಿತ ನೆಲಕ್ಕೆ ಮಾತ್ರ ಬಂಗಾರದ ಬೆಲೆ ಬಂದಿತು.

ಹಳೆಯದೆಲ್ಲ ಉಳಿಯಲಿ, ಹೊಸ ಮನೆ ಬೇಡ ಎಂದು ನಾನು ವಾದಿಸುತ್ತಿಲ್ಲ. ಜನರಿಗೆ ಸೂರು ಬೇಕು. ತಗಡಿನ ಜಿನ್ನು ಲೋವೆಲ್ಲಿನ ಇಟ್ಟಿಗೆಯ ಗಿರಣಿಯಂತೆ ಸಂಸಾರಗಳನ್ನು ಹೊರಲಾರದು ಎಂಬುದನ್ನೂ ಬಲ್ಲೆ. ನನ್ನ ಮಾತು ಇಷ್ಟೆ. ಊರಿನ ಹತ್ತು ಜಿನ್ನುಗಳಲ್ಲಿ ಒಂದರ ಒಂದು ಅಂಕಣವನ್ನಾದರೂ, ಅದರ ಒಂದು ಯಂತ್ರದೊಂದಿಗೆ, ಆಳುಗಳ ಒಂದು ಖೋಲಿಯೊಂದಿಗೆ ಊರು ತನ್ನದೆಂದು ಇಟ್ಟುಕೊಳ್ಳಬಾರದೇ? ಕೋಟೆಯ ಕಲ್ಲನ್ನು ಕಾಯಲು ಇಲಾಖೆಯುಂಟು. ಅರಳೆಯ ನೆನಪನ್ನು ಕಾಯಲು ಊರಾದರೂ ಮುಂದೆ ಬರಬೇಕು. ಅದಕ್ಕೂ ಮುಂಚೆ, ಕೇಳಿದರೆ ಹೇಳಬಲ್ಲವರು ಇನ್ನೂ ಹೊಸ್ತಿಲ ಮೇಲೆ ಕುಳಿತಿರುವಾಗಲೇ, ಅವರ ಹೆಸರುಗಳನ್ನಾದರೂ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಸರಕಾರದ ಹಣ ಬೇಡ. ಒಂದು ನೋಟುಬುಕ್ಕು, ಒಂದಿಷ್ಟು ಸಹನೆ ಸಾಕು. ಈಗ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಈ ಕೆಲಸವನ್ನು ಹಚ್ಚುತ್ತಿದ್ದೇನೆ.

ಕೆಲವು ತಿಂಗಳ ಬಳಿಕ ಆ ಅಜ್ಜಿಯನ್ನು ಮತ್ತೆ ಕಂಡೆ. ಖೋಲಿಗಳನ್ನು ಕೆಡವಿಯಾಗಿತ್ತು, ಅವರು ಮಗನೊಂದಿಗೆ ಊರ ಹೊರಗಿನ ಬಾಡಿಗೆಯ ಮನೆಗೆ ಹೋಗಿದ್ದರು. ಅವರ ಪ್ರಶ್ನೆಗೆ ಉತ್ತರವಾಗಿ ನಾನು ಲೋವೆಲ್ಲಿನ ಕಥೆಯನ್ನೆಲ್ಲ ಹೇಳಿದೆ. ನದಿ, ಚಕ್ರ, ಐದು ಅಂತಸ್ತು, ಮಗ್ಗದ ಹೆಣ್ಣುಮಕ್ಕಳು, ಬಾಡಿಗೆಯ ಜಗಳ, ಗಿರಣಿಯೇ ಮನೆಯಾದುದು. ಎಲ್ಲವನ್ನೂ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಮಲಗೂ ಖೋಲಿ ಹಂಗೇ ಇಟ್ಟಾರಂತೀರಿ?” ಎಂದು ಕೇಳಿದರು.

“ಹೌದವ್ವಾ, ಹಾಸಿಗೆ ಸಹಿತ.”

“ಚಲೋ ಮಾಡ್ಯಾರ,” ಎಂದರು ಅಜ್ಜಿ. “ನಮ್ಮ ಖೋಲಿ ಗ್ವಾಡಿಗೆ ನನ್ನ ಮಗಳು ಸಣ್ಣಕಿದ್ದಾಗ ಅರಿಶಿಣದ ಕೈ ಒತ್ತಿದ್ದಳ್ರಿ ಸರ. ಸುಣ್ಣ ಹಚ್ಚಿದಾಗೆಲ್ಲ ಅದೊಂದು ಬಿಟ್ಟು ಹಚ್ಚತಿದ್ದೆ.”